ಎರಡನೆಯವರು ಕುಳಿತೊಡನೆ ಕುಂಟುವ ಲೆಕ್ಕ

ಮನೆವಾರ್ತೆಗೆ ಮೀಸಲಾದ ಈ ಪುಟಗಳಲ್ಲಿ ಹಪ್ಪಳ ಸಂಡಿಗೆಗಳನ್ನೂ ಮಕ್ಕಳ ಕೆಮ್ಮನ್ನೂ ಬಾವಿಯ ನೀರನ್ನೂ ಕುರಿತು ಬರೆಯುತ್ತ ಬಂದ ನಾವು ಈ ತಿಂಗಳು ಗಣಕಯಂತ್ರದ ಮಾತನ್ನೆತ್ತಿದರೆ ಕೆಲವು ವಾಚಕರಿಗೆ ಆಶ್ಚರ್ಯವಾಗಬಹುದು. ಆದರೆ ಮನೆಯ ಲೆಕ್ಕದ ಪುಸ್ತಕವೇ ಆ ಯಂತ್ರದೊಳಗೆ ಹೋಗಿ ಕುಳಿತಿರುವಾಗ ಅದಕ್ಕೆ ಬಂದ ರೋಗವೂ ಮನೆವಾರ್ತೆಯೇ ಆಯಿತಷ್ಟೆ. ಅಂಥ ಒಂದು ರೋಗದಿಂದ ಒಂದು ಮನೆಯ ನೆಮ್ಮದಿ ಕೆಡುವುದರಲ್ಲಿದ್ದುದನ್ನು ನಾವು ಕಣ್ಣಾರೆ ಕಂಡು ಬಂದೆವು. ಆದಕಾರಣ ಈ ಬರಹ.

ಸೋಣ ತಿಂಗಳಲ್ಲಿ, ಚೌತಿಗೆ ಇನ್ನೂ ಎಂಟು ದಿನಗಳಿರುವಾಗ, ನಾವು ನೆಂಟರ ಮನೆಗೆಂದು ಗುರುವಾಯನಕೆರೆಗೆ ಹೋಗಿದ್ದೆವು. ಮಂಗಳೂರಿನಿಂದ ಚಾರ್ಮಾಡಿ ಘಾಟಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಬೆಳ್ತಂಗಡಿಗೆ ಸ್ವಲ್ಪ ಮೊದಲು ಸಿಕ್ಕುವ ಪೇಟೆಯಿದು. ವೇಣೂರು, ಮೂಡಬಿದಿರೆ, ಕಾರ್ಕಳಗಳ ಕಡೆಗೆ ಹೋಗುವವರಿಗೆ ಇಲ್ಲಿಂದಲೇ ಮಾರ್ಗ ಒಡೆಯುತ್ತದೆ. ಊರಿಗೆ ಹೆಸರನ್ನು ಕೊಟ್ಟ ಕೆರೆ ಆಗ ತುಂಬಿ ತುಳುಕುತ್ತಿತ್ತು. ನಮ್ಮ ನೆಂಟರದು ಅಡಿಕೆ, ಕಾಳುಮೆಣಸು, ರಬ್ಬರುಗಳ ಖರೀದಿ. ಜತೆಗೆ ಗೊಬ್ಬರದ ಮಾರಾಟ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಸಣ್ಣ ಅಂಗಳ. ಎಪ್ಪತ್ತು ದಾಟಿದ ಯಜಮಾನರು, ಅವರ ಪತ್ನಿ, ಇಬ್ಬರು ಗಂಡುಮಕ್ಕಳು, ಹಿರಿಯ ಸೊಸೆ, ಅವಳ ಎರಡು ಮಕ್ಕಳು, ಇಷ್ಟು ಮಂದಿಯ ಸಂಸಾರ. ಗಣಕಯಂತ್ರಗಳು ನಾಲ್ಕು: ತೂಕದ ಬಳಿ ಒಂದು, ಬಿಲ್ಲು ಬರೆಯುವಲ್ಲಿ ಒಂದು, ನಗದಿನ ಪೆಟ್ಟಿಗೆಯ ಬಳಿ ಒಂದು, ನಾಲ್ಕನೆಯದು ಮನೆಯೊಳಗೆ, ಸೊಸೆಯ ಕೋಣೆಯ ಕಿಟಕಿಯ ಕೆಳಗೆ.

ಲೆಕ್ಕದಲ್ಲಿ ಈ ಸೀಮೆಯವರು ಎಂದೂ ಹಿಂದೆ ಬಿದ್ದವರಲ್ಲ. ಕೆನರಾ (೧೯೦೬), ಕಾರ್ಪೊರೇಷನ್ (೧೯೦೬), ಕರ್ಣಾಟಕ (೧೯೨೪), ಸಿಂಡಿಕೇಟ್ (೧೯೨೫), ವಿಜಯಾ (೧೯೩೧) ಎಂಬ ಐದು ಬ್ಯಾಂಕುಗಳು ಹುಟ್ಟಿದುದು ಅವಿಭಕ್ತ ದಕ್ಷಿಣ ಕನ್ನಡದಲ್ಲಿಯೇ. ನಮ್ಮ ಯಜಮಾನರೂ ಬಹುಕಾಲ ಕೆಂಪು ಬಟ್ಟೆಯ ರಟ್ಟಿನ ಕಿರ್ದಿಯನ್ನು ಕೈಯಾರೆ ಬರೆದವರು. ಹನ್ನೊಂದು ವರ್ಷಗಳ ಹಿಂದೆ ಮಕ್ಕಳ ಒತ್ತಾಯಕ್ಕೆ ಮಣಿದು ಯಂತ್ರಕ್ಕೆ ಒಪ್ಪಿಕೊಂಡರು; ೨೦೧೭ನೆಯ ಇಸವಿಯ ಜುಲೈಯಿಂದ ಜಿ.ಎಸ್.ಟಿ. ಬಂದ ಮೇಲಂತೂ ಹಿಂದಿರುಗುವ ಮಾತೇ ಉಳಿಯಲಿಲ್ಲ. ಪೇಟೆಯ ಒಬ್ಬ ತರುಣನು ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಸಾಧನದಲ್ಲಿ ಅವರಿಗೆ ಬೇಕಾದಂತೆ ಕಿರ್ದಿ, ಖಾತೆ, ಬಿಲ್ಲುಗಳನ್ನು ಹೂಡಿಕೊಟ್ಟಿದ್ದನು. ೧೯೯೨ರಲ್ಲಿ ಹೊರಬಂದ ಈ ಸಾಧನ ಸಣ್ಣ ಅಂಗಡಿಗಳಿಗೂ ಸಂಘಗಳಿಗೂ ಅಗ್ಗದಲ್ಲಿ ಒದಗುವಂಥದು. ಅದನ್ನು ಹೂಡಿದವನು ಬೇರೆ ಊರಿಗೆ ಹೋದ ಮೇಲೆ ಬಿಚ್ಚಿ ನೋಡುವವರು ಇಲ್ಲದಾಗುವುದು ಮಾತ್ರ ಎಲ್ಲೆಡೆಯೂ ಕಾಣುವ ತೊಂದರೆ. ಇಲ್ಲಿಯೂ ಹಾಗೆಯೇ ಆಗಿತ್ತು.

ನಾವು ಹೋದ ದಿನ ಅಂಗಡಿಯ ಜಗಲಿಯಲ್ಲಿ ಹತ್ತು ಹದಿನೈದು ಮಂದಿ ಕುಳಿತಿದ್ದರು. ಹಬ್ಬದ ಖರ್ಚಿಗೆಂದು ಒಂದೊಂದು ಚೀಲ ಅಡಿಕೆ ತಂದವರು. ತೂಕವಾಗಿತ್ತು, ಹಳತು, ಪಟೋರ, ಕರಿಗೋಟು ಎಂದು ಬೇರೆ ಮಾಡಿಯೂ ಆಗಿತ್ತು, ಬಿಲ್ಲು ಮಾತ್ರ ಬರಲೊಲ್ಲದು. ಒಂದು ಬಿಲ್ಲಿಗೆ ಮುಕ್ಕಾಲು ನಿಮಿಷ, ಖಾತೆಯ ಬಾಕಿ ನೋಡಬೇಕೆಂದರೆ ಎರಡು ಮೂರು ನಿಮಿಷ. ನಾರಾವಿಯ ಕಡೆಯ ಒಬ್ಬ ಮುದುಕರು ಬಸ್ಸು ಹೋಯಿತೆಂದು ಚೀಲವನ್ನೂ ದುಡ್ಡನ್ನೂ ಅಲ್ಲಿಯೇ ಬಿಟ್ಟು ನಾಳೆ ಬರುವೆನೆಂದು ಎದ್ದರು. ಹಾಗೆ ಎದ್ದು ಹೋದವರೆಲ್ಲರೂ ಮರುದಿನ ಅದೇ ಅಂಗಡಿಗೆ ಬರುತ್ತಾರೆಂಬ ಭರವಸೆ ಯಾವ ವ್ಯಾಪಾರಿಗೂ ಇಲ್ಲ.

“ಬೆಳಿಗ್ಗೆ ಎಲ್ಲ ಸರಿಯೇ ಉಂಟು ಮಾವ,” ಎಂದ ಕಿರಿಯ ಮಗ, ನಮ್ಮನ್ನು ಒಂದು ಮಗ್ಗುಲಿಗೆ ಕರೆದು. “ಹತ್ತು ಗಂಟೆಗೆ ಅತ್ತಿಗೆ ಒಳಗೆ ಕೂತುಕೊಳ್ಳುವುದೇ ತಡ, ಇಲ್ಲಿ ಯಂತ್ರ ಸತ್ತ ಹಾಗೆ. ಅವರು ಊಟಕ್ಕೆ ಎದ್ದರೆ ಪುನಃ ಜೀವ ಬರುತ್ತದೆ. ಎಂತ ಮಾಡುತ್ತಾರೋ ದೇವರಿಗೇ ಗೊತ್ತು.” ಹಿರಿಯ ಮಗ ಅದನ್ನು ಅಲ್ಲಗಳೆಯಲಿಲ್ಲ, ಒಪ್ಪಲೂ ಇಲ್ಲ. ಯಜಮಾನರು ಸಂಬಳದ ಗುಮಾಸ್ತನೊಬ್ಬನನ್ನು ಇಡುವ ಯೋಚನೆಯಲ್ಲಿದ್ದರು. ಇದಲ್ಲದೆ ನಾಲ್ಕು ಯಂತ್ರಗಳನ್ನೂ ಹೊಸದಾಗಿ ಕೊಂಡರೆ ಸರಿಹೋದೀತೆಂದು ಯಾರೋ ಹೇಳಿ ಒಂದೂವರೆ ಲಕ್ಷದ ಅಂದಾಜುಪಟ್ಟಿಯನ್ನೂ ಕೊಟ್ಟಿದ್ದರು. ಸೊಸೆ ಉಜಿರೆಯಲ್ಲಿ ಬಿ.ಕಾಂ. ಓದಿದವಳು, ಆ ಮನೆಯಲ್ಲಿ ಜಮಾ ಖರ್ಚುಗಳ ನ್ಯಾಯವನ್ನು ಅವಳಷ್ಟು ಬಲ್ಲವರಿಲ್ಲ. ರಾತ್ರಿ ಊಟಕ್ಕೆ ಬಡಿಸುತ್ತ ಅವಳು ಹೇಳಿದುದು ಇಷ್ಟೇ: “ನಾನು ಮುಟ್ಟಿದ್ದಕ್ಕೇ ಹಾಳಾಗುವುದಾದರೆ ನನಗೆ ಅದು ಬೇಡ. ಅಡಿಗೆಮನೆ ಉಂಟಲ್ಲ.” ಆ ಮಾತಿನ ಮೇಲೆ ಯಾರೂ ಮಜ್ಜಿಗೆಯನ್ನು ಕೇಳಲಿಲ್ಲ.

ಇಂಥಲ್ಲಿ ಮೊದಲು ಮಾಡತಕ್ಕದ್ದು ಏನನ್ನೂ ಸರಿಪಡಿಸದೆ ಇರುವುದು. ಮೊದಲಿಗೆ ಎಲ್ಲರನ್ನೂ ಪುಸ್ತಕದಿಂದ ಹೊರಗೆ ಬರಿಸಿ ಆ ಕಡತದ ಒಂದು ಪ್ರತಿಯನ್ನು ತೆಗೆದು ಬೇರೆ ಕಡೆ ಇಡಬೇಕು. ಹನ್ನೊಂದು ವರ್ಷಗಳ ಲೆಕ್ಕವನ್ನು ಕೈಯಲ್ಲಿ ಹಿಡಿದುಕೊಂಡು ಪರೀಕ್ಷೆ ಮಾಡುವುದು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಮರ ಹತ್ತಿದಂತೆ. ಆ ಬಳಿಕ ಕೇಳಬೇಕಾದ ಪ್ರಶ್ನೆಗಳು ಎರಡು. ನಿಧಾನವೆಂದರೆ ಎಷ್ಟು ಸೆಕೆಂಡು? ಒಬ್ಬರೇ ಇರುವಾಗ ಎಷ್ಟು, ಇಬ್ಬರಿರುವಾಗ ಎಷ್ಟು? ಈ ಎರಡಕ್ಕೆ ಉತ್ತರವಿಲ್ಲದೆ ಹೊಸ ಯಂತ್ರ ಕೊಳ್ಳುವವರು ಜ್ವರವನ್ನು ಅಳೆಯದೆ ಔಷಧದಂಗಡಿಗೆ ಹೋದವರು.

ಮರುದಿನ ಬೆಳಿಗ್ಗೆ ಎಂಟೂವರೆಗೇ ಸೊಸೆಯನ್ನು ಯಂತ್ರದ ಮುಂದೆ ಕುಳ್ಳಿರಿಸಬೇಕೆಂದು ನಾವು ಕೇಳಿಕೊಂಡೆವು. “ಒಂದು ದಿನ ದೋಸೆ ನಾನು ಎರೆಯುತ್ತೇನೆ, ನೀನು ಹೋಗು,” ಎಂದರು ಅತ್ತೆ. ಕಿರಿಯವನ ಕೈಯಲ್ಲಿಯೇ ಗಡಿಯಾರ ಕೊಟ್ಟೆವು. ದೂರಿದವನೇ ಅಳೆಯಲಿ ಎಂದು. ಅಂಗಡಿಯ ಮೂರು ಯಂತ್ರಗಳಲ್ಲಿಯೂ ಪುಸ್ತಕ ಮುಚ್ಚಿತ್ತು. ಸೊಸೆ ಒಬ್ಬಳೇ ಒಂದು ಬಿಲ್ಲನ್ನು ತೆರೆದು ಬರೆದು ಮುಚ್ಚಿದಳು: ಎಂಟು ಸೆಕೆಂಡು. ಈಗ ಕಿರಿಯವನು ಹೊರಗೆ ತನ್ನ ಯಂತ್ರದಲ್ಲಿ ಪುಸ್ತಕವನ್ನು ತೆರೆದನು. ತೆರೆದು ಸುಮ್ಮನೆ ಕುಳಿತನು. ಸೊಸೆಯ ಬಿಲ್ಲಿಗೆ ಐವತ್ತು ಸೆಕೆಂಡು. ಅವನು ಮುಚ್ಚಿದನು: ಪುನಃ ಎಂಟು. ಆಮೇಲೆ ಅವಳನ್ನು ಬಿಡಿಸಿ, ನಗದಿನ ಯಂತ್ರದಲ್ಲಿ ಹಿರಿಯವನನ್ನೂ ಬಿಲ್ಲಿನಲ್ಲಿ ಕಿರಿಯವನನ್ನೂ ಕೂರಿಸಿದೆವು. ಇಬ್ಬರೂ ಅಂಗಡಿಯವರೇ. ಒಬ್ಬನೇ ಇದ್ದಾಗ ನಾಲ್ಕು ಸೆಕೆಂಡು, ಇಬ್ಬರಾದಾಗ ನಲವತ್ತು. ಕಿರಿಯವನು ಮೂರು ಸಲ ಅಳೆದು, ನಾಲ್ಕನೆಯ ಸಲ ಗಡಿಯಾರವನ್ನೇ ನೋಡುತ್ತ ನಿಂತನು. ಅತ್ತಿಗೆಯ ಕೈದೋಷ ಎಂಬುದು ಅಡಿಗೆ ಮುಗಿಸಿ ಎರಡನೆಯವಳಾಗಿ ಬಂದು ಕೂಡುವ ಅವಳ ದಿನಚರಿ ಮಾತ್ರವಾಗಿತ್ತು. ಯಾರು ಎರಡನೆಯವರಾದರೂ ಆಗುತ್ತಿದ್ದುದು ಅದೇ.

ಹೀಗೇಕಾಗುತ್ತದೆಂಬುದನ್ನು ತಿಳಿಯಬೇಕಾದರೆ ಈ ಪುಸ್ತಕ ಇರುವುದೆಲ್ಲಿ, ಓದುವವರು ಯಾರು ಎಂಬುದನ್ನು ತಿಳಿಯಬೇಕು. ಕಡತ ಇದ್ದುದು ಬಿಲ್ಲಿನ ಯಂತ್ರದ ಒಂದು ಹಂಚಿದ ಪೆಟ್ಟಿಗೆಯಲ್ಲಿ. ಮಿಕ್ಕವರು ಅದನ್ನು ತಂತಿಯ ಮೂಲಕ ತೆರೆಯುತ್ತಾರೆ. ಕಡತವನ್ನು ಇಟ್ಟುಕೊಂಡ ಯಂತ್ರವು ಲೆಕ್ಕವನ್ನು ಹುಡುಕಿ ಉತ್ತರ ಹೇಳುತ್ತದೆಂದು ಬಹಳ ಮಂದಿ ತಿಳಿದಿರುತ್ತಾರೆ, ಅದು ತಪ್ಪು. ಆ ಯಂತ್ರ ಬರಿಯ ಕಪಾಟು. ಇಂಥ ಪುಟ ಕೊಡು ಎಂದರೆ ಕೊಡುತ್ತದೆ. ಪುಟದಲ್ಲೇನಿದೆಯೆಂದು ಅದಕ್ಕೆ ಗೊತ್ತಿಲ್ಲ. ಹುಡುಕುವ, ಕೂಡಿಸುವ, ಬರೆಯುವ ಕೆಲಸವೆಲ್ಲ ಕುಳಿತವರ ಯಂತ್ರದಲ್ಲಿಯೇ ನಡೆಯತಕ್ಕದ್ದು. ಆದುದರಿಂದ ಪ್ರತಿಯೊಂದು ಪುಟವೂ ತಂತಿಯ ಮೇಲೆ ಬರಬೇಕು, ತಿದ್ದಿದ ಪುಟ ಅದೇ ದಾರಿಯಲ್ಲಿ ಮರಳಬೇಕು.

ಒಬ್ಬರೇ ಇರುವಾಗ ಬೇಗನೆ ಆಗುವುದಕ್ಕೆ ಕಾರಣವಿದೆ. ಬೇರೆ ಯಾರೂ ಆ ಕಡತವನ್ನು ತೆರೆದಿಲ್ಲವೆಂದು ಕಂಡಾಗ ಕಪಾಟಿನ ಯಂತ್ರವು, ಬೇಕಾದ ಪುಟಗಳನ್ನು ನಿನ್ನ ಹತ್ತಿರವೇ ಇಟ್ಟುಕೋ ಎಂದು ಓದುವವರ ಯಂತ್ರಕ್ಕೆ ಅಪ್ಪಣೆ ಕೊಟ್ಟುಬಿಡುತ್ತದೆ. ಎರಡನೆಯವರು ಬಾಗಿಲು ತಟ್ಟಿದೊಡನೆ ಆ ಅಪ್ಪಣೆ ರದ್ದಾಗುತ್ತದೆ. ಇಲ್ಲದಿದ್ದರೆ ಇಬ್ಬರ ಕೈಯಲ್ಲಿ ಎರಡು ಬಗೆಯ ಲೆಕ್ಕ ಉಳಿದೀತು. ಅಂದಿನಿಂದ ಪ್ರತಿ ಪುಟಕ್ಕೂ ಹೋಗಿ ಕೇಳುವುದೇ. ಇದರೊಡನೆ ಇನ್ನೊಂದುಂಟು. ಪುಸ್ತಕವನ್ನು ತೆರೆದಾಗಲೆಲ್ಲ ಅದರ ಮಗ್ಗುಲಲ್ಲಿ ಒಂದು ಸಣ್ಣ ಬೀಗದ ಕಡತ ಹುಟ್ಟುತ್ತದೆ. ಯಾರು ಒಳಗಿದ್ದಾರೆ, ಯಾವ ಪುಟವನ್ನು ಹಿಡಿದಿದ್ದಾರೆ ಎಂಬುದು ಅದರಿಂದ ತಿಳಿಯುವುದು. ಕೊನೆಯವರು ಹೋದಾಗ ಅದು ಅಳಿಯುತ್ತದೆ. ನಮ್ಮ ನೆಂಟರ ಏರ್ಪಾಡಿನಲ್ಲಿ ಬಿಲ್ಲಿನ ನಮೂನೆ ತೆರೆದಾಗ ಪುಸ್ತಕ ತೆರೆಯುತ್ತಿತ್ತು, ಬಿಲ್ಲು ಮುಗಿದಾಗ ಮುಚ್ಚುತ್ತಿತ್ತು. ದಿನಕ್ಕೆ ನೂರು ಬಿಲ್ಲಾದರೆ ನೂರು ಸಲ ಬೀಗ ತೆಗೆದು ನೂರು ಸಲ ಹಾಕಿದಂತೆ. ಇನ್ನೊಬ್ಬರು ಒಳಗಿದ್ದರೆ ಪ್ರತಿ ಸಲವೂ ಅವರೊಡನೆ ಹೊಂದಿಸಿಕೊಳ್ಳಬೇಕು.

ಇದಕ್ಕೆ ಮದ್ದು ಎಷ್ಟು ಸುಲಭವೆಂದರೆ ಹೇಳಿದಾಗ ಯಜಮಾನರು ನಂಬಲಿಲ್ಲ. ಬೆಳಿಗ್ಗೆ ಪುಸ್ತಕ ತೆರೆದೊಡನೆ, ಒಂದೇ ಸಾಲು ಇರುವ ಒಂದು ಪುಟ್ಟ ಕೋಷ್ಟಕಕ್ಕೆ ಜೋಡಿಸಿದ ನಮೂನೆಯೊಂದು ತೆರೆದುಕೊಂಡು ಮರೆಯಲ್ಲಿರಬೇಕು. ಸಂಜೆ ಮುಚ್ಚುವವರೆಗೂ ಅದನ್ನು ಮುಚ್ಚಬಾರದು. ಅದು ಏನನ್ನೂ ಬರೆಯುವುದಿಲ್ಲ, ಏನನ್ನೂ ಓದುವುದಿಲ್ಲ. ಬಾಗಿಲಿಗೆ ಒಂದು ಕಲ್ಲು ಕೊಟ್ಟಂತೆ ಇರುತ್ತದೆ, ಅಷ್ಟೆ. ಸೊಸೆಯೇ ಅದನ್ನು ಕಾಲು ಗಂಟೆಯಲ್ಲಿ ಮಾಡಿದಳು. ಇಬ್ಬರಿದ್ದಾಗಿನ ನಲವತ್ತು ಸೆಕೆಂಡು ಹದಿನೈದಕ್ಕೆ ಇಳಿಯಿತು.

ಇನ್ನೊಂದು ತಪ್ಪು ಹೂಡಿಕೆಯದು. ಕೋಷ್ಟಕಗಳು ಒಂದು ಕಡತದಲ್ಲಿ, ಬಿಲ್ಲಿನ ನಮೂನೆ ಮುಂತಾದವು ಇನ್ನೊಂದರಲ್ಲಿ ಎಂದು ಆ ತರುಣ ಸರಿಯಾಗಿಯೇ ಬೇರ್ಪಡಿಸಿದ್ದನು. ಆದರೆ ಎರಡನ್ನೂ ಹಂಚಿದ ಪೆಟ್ಟಿಗೆಯಲ್ಲಿಯೇ ಇಟ್ಟು ನಾಲ್ವರೂ ಅಲ್ಲಿಂದಲೇ ತೆರೆಯುವಂತೆ ಮಾಡಿದ್ದನು. ಕೋಷ್ಟಕಗಳ ಕಡತ ಎಲ್ಲರಿಗೂ ಒಂದೇ ಇರಬೇಕು, ಸಂದೇಹವಿಲ್ಲ. ನಮೂನೆಗಳ ಕಡತದ ಪ್ರತಿ ಮಾತ್ರ ಅವರವರ ಯಂತ್ರದಲ್ಲಿ ಒಂದೊಂದಿರಬೇಕು. ಕೆರೆ ಊರಿಗೆಲ್ಲ ಒಂದು, ಕೊಡ ಮನೆಮನೆಗೆ ಬೇರೆ. ಹಂಚಿಕೊಂಡ ನಮೂನೆಗಳ ಕಡತ ನಿಧಾನ ಮಾತ್ರವಲ್ಲ, ಒಬ್ಬರು ಅದರಲ್ಲಿ ಏನಾದರೂ ತಿದ್ದುವಾಗ ಕೆಟ್ಟುಹೋಗುವ ಭಯವೂ ಉಂಟು.

ಈಗ ಸೊಸೆಯ ಯಂತ್ರದ ಮಾತು. ಅವಳು ನಿರಪರಾಧಿಯಾದರೂ ಅವಳ ಯಂತ್ರದ ಮೇಲಿನ ದೂರು ಪೂರ್ತಿ ಸುಳ್ಳಲ್ಲವೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಅಂಗಡಿಯ ಮೂರು ಯಂತ್ರಗಳಿಗೆ ತಂತಿಯಿತ್ತು, ಮನೆಯದಕ್ಕೆ ವೈಫೈ. ನಡುವೆ ಎರಡು ಮುರಕಲ್ಲಿನ ಗೋಡೆಗಳು, ಅಂಗಳದ ಮಳೆಯ ತೆರೆ. ಮೊಬೈಲಿನಲ್ಲಿ ಚಿತ್ರ ನೋಡುವವರಿಗೆ ಅಲೆ ಒಂದು ಕ್ಷಣ ಕಡಿದರೆ ಚಿತ್ರ ನಿಂತು ಮುಂದುವರಿಯುತ್ತದೆ, ಅಷ್ಟೆ. ಈ ಬಗೆಯ ಪುಸ್ತಕಕ್ಕೆ ಹಾಗಲ್ಲ. ಪುಟವನ್ನು ಬರೆಯುತ್ತಿರುವಾಗ ಸಂಬಂಧ ಕಡಿದರೆ ಅರ್ಧ ಬರೆದ ಪುಟ ಉಳಿದು ಕಡತವೇ ಕೆಡಬಹುದು. ಮರುದಿನ ತೆರೆಯುವಾಗ ಇದು ಯಾವ ಬಗೆಯ ಕಡತವೆಂದು ಗುರುತಾಗುವುದಿಲ್ಲವೆಂಬ ಎಚ್ಚರಿಕೆ ಕಾಣುವುದುಂಟು. ಅದೃಷ್ಟಕ್ಕೆ ಇವರಿಗೆ ಅಷ್ಟು ಆಗಿರಲಿಲ್ಲ. ಅಂಗಳದ ಮಾಡಿನಂಚಿನಲ್ಲಿ ಇಪ್ಪತ್ತೈದು ಮೀಟರ್ ತಂತಿಯನ್ನು ಕೊಳವೆಯೊಳಗೆ ಎಳೆಸಿದರು. ಆ ಒಂದೂವರೆ ಲಕ್ಷದ ಅಂದಾಜುಪಟ್ಟಿಯಲ್ಲಿ ತಂತಿಯ ಹೆಸರೇ ಇರಲಿಲ್ಲವೆಂಬುದು ನಮಗೆ ನಗು ತರಿಸಿತು.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಮ್ಮನ್ನು ಹಿಡಿದುಕೊಂಡದ್ದು ಹೆಸರುಗಳ ಸಂಗತಿ. ಕಿರ್ದಿಯ ಪ್ರತಿ ಸಾಲಿನಲ್ಲಿಯೂ ಖಾತೆಯ ಸಂಖ್ಯೆಗೆ ಬದಲಾಗಿ ಬೆಳೆಗಾರರ ಪೂರ್ತಿ ಹೆಸರನ್ನು ಬರೆದಿದ್ದರು. ಬಾಕಿ ನೋಡಬೇಕೆಂದರೆ, ಹೆಸರಿನ ಮೊದಲ ಭಾಗ ಕೆಲವರದು ಇನಿಶಿಯಲ್, ಕೆಲವರದು ಮನೆಯ ಹೆಸರು, ಆದುದರಿಂದ ಕೊನೆಯ ಭಾಗವನ್ನು ಹಿಡಿದೇ ಹುಡುಕುವ ರೂಢಿ: ‘ಪೂಜಾರಿ’, ‘ಗೌಡ’, ‘ಶೆಟ್ಟಿ’, ‘ಭಟ್’ ಎಂದು ಬರೆದು ಮುಂದೆ ಒಂದು ನಕ್ಷತ್ರದ ಗುರುತು ಹಾಕುವುದು, ಎಂದರೆ ಮೊದಲಿಗೆ ಏನೇ ಇರಲಿ, ಹೀಗೆ ಮುಗಿಯುವುದನ್ನೆಲ್ಲ ಕೊಡು ಎಂದರ್ಥ. ಹೆಸರಿಗೆ ಇಂಡೆಕ್ಸ್, ಎಂದರೆ ಅಕಾರಾದಿ, ಇತ್ತು. ಆದರೂ ಕೆಲಸಕ್ಕೆ ಬರಲಿಲ್ಲ. ಮಂಗಳೂರಿನ ಬಾಸೆಲ್ ಮಿಶನ್ನಿನವರು ೧೮೯೪ರಲ್ಲಿ ಪ್ರಕಟಿಸಿದ ಕಿಟ್ಟೆಲ್ಲರ ನಿಘಂಟನ್ನು ಕೈಯಲ್ಲಿ ಹಿಡಿದವರಿಗೆ ಇದು ತಟ್ಟನೆ ತಿಳಿಯುವುದು. ‘ಕೆರೆ’ ಎಂಬ ಶಬ್ದ ಬೇಕೆಂದರೆ ಅರ್ಧ ನಿಮಿಷದಲ್ಲಿ ತೆಗೆಯಬಹುದು. ‘ರೆ’ ಎಂದು ಮುಗಿಯುವ ಶಬ್ದಗಳನ್ನೆಲ್ಲ ಹುಡುಕಿಕೊಡು ಎಂದರೆ? ಅಕಾರಾದಿ ಅಲ್ಲಿಯೇ ಇದ್ದರೂ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದದೆ ಗತಿಯಿಲ್ಲ. ಯಂತ್ರದ ಪಾಡೂ ಅದೇ.

ಓದುವುದೆಂದರೆ ಎಷ್ಟೆಂದು ಲೆಕ್ಕ ಹಾಕಿ ತೋರಿಸಿದೆವು. ಕಿರ್ದಿಯಲ್ಲಿ ೧,೮೦,೦೦೦ ಸಾಲುಗಳು. ಸಾಲಿಗೆ ೧೫೦ ಬೈಟುಗಳಂತೆ ಸುಮಾರು ೨೭ ಮೆಗಾಬೈಟ್. ಈ ಸಾಧನದಲ್ಲಿ ಒಂದು ಪುಟವೆಂದರೆ ೪ ಕಿಲೋಬೈಟ್. ಅಂತು ಆರೂವರೆ ಸಾವಿರಕ್ಕೂ ಮಿಕ್ಕ ಪುಟಗಳು. ಸೆಕೆಂಡಿಗೆ ೧೦೦ ಮೆಗಾಬಿಟ್ ಸಾಗಿಸುವ ತಂತಿಯಲ್ಲಿ ಬೇರೆ ಯಾವ ಅಡ್ಡಿಯೂ ಇಲ್ಲದೆ ಅವು ಬರಲು ಎರಡು ಸೆಕೆಂಡು ಬೇಕು. ಗೋಡೆಗಳ ಮರೆಯ ವೈಫೈಯಲ್ಲಿ ೨೦ ಮೆಗಾಬಿಟ್ ಸಿಕ್ಕಿದರೆ ಹನ್ನೊಂದು ಸೆಕೆಂಡು. ಒಂದೇ ಹುಡುಕಾಟಕ್ಕೆ ಇಷ್ಟು. ಖಾತೆಯ ಸಂಖ್ಯೆಯಿಂದ, ಅದಕ್ಕೆ ಅಕಾರಾದಿಯಿಟ್ಟು ಹುಡುಕಿದರೆ, ಅಕಾರಾದಿಯ ನಾಲ್ಕೈದು ಪುಟಗಳೂ ಆ ಖಾತೆಯ ಸಾಲುಗಳಿರುವ ಪುಟಗಳೂ ಬಂದರೆ ಸಾಕು. ಈ ಬಗೆಯ ಪುಸ್ತಕ ಯಾವಾಗಲೂ ಕೋಷ್ಟಕವನ್ನೆಲ್ಲ ತಂತಿಯ ಮೇಲೆ ಎಳೆದು ತರುತ್ತದೆಂದು ಕೆಲವರು ಹೇಳುವುದನ್ನು ಕೇಳಿದ್ದೇವೆ. ಅದು ಅಕಾರಾದಿಯನ್ನು ಬಳಸಲು ಬಿಡದವರ ಅನುಭವ.

ಇದರ ಅಣ್ಣತಮ್ಮಂದಿರು ಇನ್ನೂ ಇಬ್ಬರು ಸಿಕ್ಕಿದರು. ವರ್ಷದ ಲೆಕ್ಕಕ್ಕೆ ಪ್ರತಿ ಸಾಲಿನ ತಾರೀಕಿನಿಂದ ಇಸವಿಯನ್ನು ಬಿಡಿಸಿ ಹೋಲಿಸುವಂತೆ ಬರೆದಿದ್ದರು. ಬಿಡಿಸಿದ ಮೇಲೆ ತಾರೀಕಿನ ಅಕಾರಾದಿ ಉಪಯೋಗಕ್ಕೆ ಬಾರದು. ಏಪ್ರಿಲ್ ೧ರಿಂದ ಮಾರ್ಚ್ ೩೧ರವರೆಗೆ ಎಂದು ನೇರವಾಗಿ ಕೇಳಿದರೆ ಅದೇ ಕೆಲಸ ಕ್ಷಣಾರ್ಧದಲ್ಲಿ ಆಗುವುದು. ಇನ್ನೊಂದು, ಖಾತೆಯ ಪುಟದಲ್ಲಿ ಪ್ರತಿ ಸಾಲಿನ ಎದುರಿಗೆ ಅಲ್ಲಿಯವರೆಗಿನ ಬಾಕಿಯನ್ನು ತೋರಿಸುವ ಏರ್ಪಾಡು. ಮುನ್ನೂರು ಸಾಲಿನ ಖಾತೆಯಾದರೆ ಮುನ್ನೂರು ಸಲ ಮೊದಲಿನಿಂದ ಕೂಡಿಸುತ್ತಿತ್ತು. ಯಜಮಾನರು ಇದನ್ನು ಕೇಳಿ, “ನಾನು ಕೈಯಲ್ಲಿ ಬರೆಯುವಾಗಲೂ ಹಾಗೆ ಮಾಡಿದವನಲ್ಲ, ಮೇಲಿನ ಬಾಕಿಗೆ ಕೆಳಗಿನದನ್ನು ಸೇರಿಸಿದರಾಯಿತಲ್ಲ,” ಎಂದರು. ಕಾಗದದ ಮೇಲೆ ಮುದ್ರಿಸುವ ವರದಿಯಲ್ಲಿ ಯಂತ್ರವೂ ಹಾಗೆಯೇ ಸೇರಿಸಿಕೊಂಡು ಹೋಗಬಲ್ಲದು. ಬಾಕಿಯ ಅಂಕಣವನ್ನು ಅಲ್ಲಿಗೆ ಕಳುಹಿಸಿದೆವು.

ಕಡತ ಊದಿಕೊಂಡೂ ಇತ್ತು. ಅಳಿಸಿದ ಸಾಲಿನ ಜಾಗ ತಾನಾಗಿ ಹಿಂದಕ್ಕೆ ಬರುವುದಿಲ್ಲ. ‘ಕಾಂಪ್ಯಾಕ್ಟ್ ಆಂಡ್ ರಿಪೇರ್’ ಎಂಬ ಆಜ್ಞೆಯನ್ನು ಕೊಟ್ಟಾಗಲೇ ಪುಟಗಳು ಒತ್ತಾಗುವುವು, ಅಕಾರಾದಿಗಳೂ ಹೊಸದಾಗುವುವು. ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಆ ಕೆಲಸ ಆಗಿರಲಿಲ್ಲ. ೯೦೦ ಮೆಗಾಬೈಟಿನಷ್ಟಿದ್ದ ಕಡತ ೨೧೦ಕ್ಕೆ ಇಳಿಯಿತು. ಇದನ್ನು ಎಲ್ಲರೂ ಹೊರಗೆ ಬಂದ ಮೇಲೆ, ಪ್ರತಿಯೊಂದನ್ನು ತೆಗೆದಿಟ್ಟು, ಕಡತವಿರುವ ಯಂತ್ರದಲ್ಲಿಯೇ ಕುಳಿತು ಮಾಡಬೇಕು. ಈ ಸಾಧನದ ಒಂದು ಕಡತ ೨ ಗಿಗಾಬೈಟನ್ನು ಮೀರುವಂತಿಲ್ಲವೆಂಬುದನ್ನೂ ನೆನಪಿನಲ್ಲಿಡುವುದು ಒಳ್ಳೆಯದು. ಇನ್ನುಳಿದ ಸಣ್ಣ ಪುಟ್ಟವು: ಕೋಷ್ಟಕಗಳ ‘ಸಬ್‌ಡೇಟಾಶೀಟ್’ ಎಂಬುದು ‘ಆಟೋ’ ಎಂದಿತ್ತು, ‘ನನ್’ ಎಂದು ಬದಲಿಸಿದೆವು, ಹೆಸರುಗಳನ್ನು ತಾನೇ ತಿದ್ದುವ ‘ನೇಮ್ ಆಟೋಕರೆಕ್ಟ್’ ನಿಲ್ಲಿಸಿದೆವು, ವೈರಸ್ ಕಾಯುವ ತಂತ್ರಾಂಶವು ಈ ಕಡತವನ್ನು ಪ್ರತಿ ಸಲವೂ ತಡವಿ ನೋಡದಂತೆ ಮಾಡಿದೆವು.

ನಡುವೆ ಕಿರಿಯವನು ಒಂದು ಉಪಾಯ ಹೇಳಿದನು: ಕಡತವನ್ನು ಗೂಗಲ್ ಡ್ರೈವಿನಲ್ಲಿಟ್ಟರೆ ಎಲ್ಲರಿಗೂ ಅಲ್ಲಿಂದಲೇ ಸಿಗುತ್ತದಲ್ಲ ಎಂದು. ನಾವು ಖಂಡಿತವಾಗಿ ಬೇಡವೆಂದೆವು. ಅಂಥ ಜಾಗಗಳು ಪ್ರತಿ ಯಂತ್ರದಲ್ಲಿಯೂ ಕಡತದ ಒಂದೊಂದು ಪ್ರತಿಯನ್ನಿಟ್ಟು ಆಮೇಲೆ ಒಂದಕ್ಕೊಂದು ಹೊಂದಿಸುತ್ತವೆ. ಇಬ್ಬರು ಏಕಕಾಲದಲ್ಲಿ ಬರೆದರೆ ಎರಡು ಪುಸ್ತಕಗಳಾಗುತ್ತವೆ, ಒಬ್ಬರ ಬರಹ ಮಾಯವಾಗುತ್ತದೆ. ಸಂಜೆ ಮುಚ್ಚಿದ ಮೇಲೆ ಒಂದು ನಕಲನ್ನು ಅಲ್ಲಿ ಇಡುವುದು ಬೇರೆ ಮಾತು, ಅದು ಒಳ್ಳೆಯದೇ. ಅದೇ ರೀತಿ ಕಡತವಿರುವ ಯಂತ್ರ ನಡುವೆ ನಿದ್ರೆ ಹೋಗಬಾರದು, ಅದಕ್ಕೊಂದು ಯು.ಪಿ.ಎಸ್. ಇರಬೇಕು. ಘಟ್ಟದ ಬುಡದ ಈ ಊರುಗಳಲ್ಲಿ ಸಿಡಿಲೂ ವಿದ್ಯುತ್ತಿನ ಕಣ್ಣುಮುಚ್ಚಾಲೆಯೂ ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮೂರನೆಯ ದಿನ ನಾಲ್ವರೂ ಒಟ್ಟಿಗೆ ಕುಳಿತರು. ಬಿಲ್ಲಿಗೆ ಐದು ಸೆಕೆಂಡು, ಬಾಕಿಗೆ ಮೂರು. ಹಣ ಖರ್ಚಾದುದು ತಂತಿಗೆ, ಅದನ್ನು ಎಳೆದವನ ಕೂಲಿಗೆ, ಒಂದು ಯು.ಪಿ.ಎಸ್.ಗೆ. ಗುಮಾಸ್ತನ ಮಾತನ್ನು ಯಾರೂ ಎತ್ತಲಿಲ್ಲ. ಕಿರಿಯವನು ಅತ್ತಿಗೆಯೊಡನೆ ಕ್ಷಮೆ ಕೇಳಿದನೋ ಇಲ್ಲವೋ ನಾವು ಕಾಣೆವು. ಹೆಸರುಗಳನ್ನೆಲ್ಲ ಖಾತೆಯ ಸಂಖ್ಯೆಗಳಾಗಿ ಬದಲಿಸುವ ಬೇಸರದ ಕೆಲಸಕ್ಕೆ ರಾತ್ರಿ ಹನ್ನೊಂದರವರೆಗೆ ಅವಳ ಪಕ್ಕದಲ್ಲಿ ಕುಳಿತು ಓದಿಹೇಳಿದುದನ್ನು ಮಾತ್ರ ಕಂಡೆವು. ಒಬ್ಬನೇ ಮನುಷ್ಯನಿಗೆ ಏಳು ಬಗೆಯ ಹೆಸರುಗಳ ಖಾತೆ ಅಲ್ಲಿ ಸಿಕ್ಕಿತು.

ಇಷ್ಟೆಲ್ಲ ಆದರೂ ಈ ಏರ್ಪಾಡಿಗೆ ಒಂದು ಮಿತಿಯಿದೆ. ಏಕಕಾಲದಲ್ಲಿ ೨೫೫ ಮಂದಿ ತೆರೆಯಬಹುದೆಂದು ಈ ಸಾಧನದ ಕೈಪಿಡಿ ಹೇಳುತ್ತದೆ. ಅಷ್ಟು ಮಂದಿ ಕೂಡಿ ಬರೆಯತೊಡಗಿದರೆ ಏನಾದೀತೆಂಬುದನ್ನು ವಾಚಕರು ಊಹಿಸಬಹುದು. ನಾಲ್ಕೈದು ಮಂದಿಗೆ ಕಪಾಟು ಸಾಕು. ಹತ್ತು ಹದಿನೈದು ಮಂದಿ ದಿನವೆಲ್ಲ ಬರೆಯುವಲ್ಲಿ, ಅಥವಾ ಬೇರೆ ಊರಿನಲ್ಲಿ ಇನ್ನೊಂದು ಅಂಗಡಿ ತೆರೆದಲ್ಲಿ, ಕಪಾಟಿನ ಜಾಗದಲ್ಲಿ ಒಬ್ಬ ಬಲ್ಲ ಗುಮಾಸ್ತ ಬೇಕಾಗುತ್ತದೆ. ಅವನೇ ಸರ್ವರ್. ಪ್ರಶ್ನೆ ಮಾತ್ರ ಅವನ ಬಳಿಗೆ ಹೋಗುತ್ತದೆ. ಅವನು ಒಳಗೇ ಹುಡುಕಿ ಉತ್ತರವನ್ನಷ್ಟೇ ಹೊರಗೆ ಕೊಡುತ್ತಾನೆ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಅಂದಿನ ೧೭೭ ತಾಲೂಕುಗಳ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ ೨೦೦೧ರ ಸುಮಾರಿಗೆ ತಾಲೂಕು ಕಚೇರಿಗಳಲ್ಲಿ ೧೫ ರೂಪಾಯಿಗೆ ಕೊಡತೊಡಗಿದಾಗ ನಂಬಿದುದು ಈ ಕ್ರಮವನ್ನೇ. ದೇಶದ ೬೩,೦೦೦ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕವನ್ನು ಒಂದೇ ತಂತ್ರಾಂಶಕ್ಕೆ ತರುವ ೨,೫೧೬ ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸರಕಾರ ೨೦೨೨ನೆಯ ಜೂನ್ ೨೯ರಂದು ಒಪ್ಪಿಗೆ ಕೊಟ್ಟುದೂ ಇದೇ ದಿಕ್ಕಿನ ಹೆಜ್ಜೆ. ಅಂಗಡಿಯವರಿಗೆ ಅಷ್ಟು ದೂರದ ಮಾತು ಬೇಡ. ಪೋಸ್ಟ್‌ಗ್ರೆಸ್, ಮರಿಯಾಡಿಬಿ ಮುಂತಾದ ಸರ್ವರುಗಳು ಬೆಲೆಯಿಲ್ಲದೆ ದೊರೆಯುತ್ತವೆ, ಈಗಿನ ಬಿಲ್ಲಿನ ನಮೂನೆಗಳನ್ನೇ ಅವಕ್ಕೆ ಜೋಡಿಸಲೂಬಹುದು. ಆದರೆ ನಕ್ಷತ್ರ ಹಾಕಿ ಹುಡುಕುವವರು ಅಲ್ಲಿಗೆ ಹೋದರೂ ನಕ್ಷತ್ರವನ್ನು ಒಯ್ಯುತ್ತಾರೆ. ಮೊದಲು ಇಲ್ಲಿಯ ಕೊಳೆಯನ್ನು ತೊಳೆದು, ಒಂದು ವರ್ಷ ನೋಡಿ, ಆಮೇಲೆ ಆ ಯೋಚನೆ ಮಾಡಿರೆಂದು ಹೇಳಿ ಬಂದೆವು.

ಹೊರಡುವ ದಿನ ಬೆಳಿಗ್ಗೆ ಬಸ್ಸಿಗೆ ಕಾಯುತ್ತ ಅಂಗಡಿಯ ಜಗಲಿಯಲ್ಲಿ ಕುಳಿತಿದ್ದೆವು. ನಾರಾವಿಯ ಮುದುಕರು ಬಂದು ತಮ್ಮ ಚೀಲದ ದುಡ್ಡನ್ನು ಎಣಿಸಿಕೊಂಡು, ಹಳೆಯ ಬಾಕಿ ಎಷ್ಟೆಂದು ಕೇಳಿದರು. ಒಳಗಿನಿಂದ ಸೊಸೆ ಕೂಗಿ ಹೇಳುವಷ್ಟರಲ್ಲಿ ಯಜಮಾನರು ತಮ್ಮ ಮೇಜಿನ ಕೆಳಗಿನಿಂದ ಕೆಂಪು ರಟ್ಟಿನ ಕಿರ್ದಿಯೊಂದನ್ನು ತೆಗೆದು ನೋಡುತ್ತಿದ್ದರು. ಹನ್ನೊಂದು ವರ್ಷಗಳಿಂದಲೂ ದಿನದ ಮೊತ್ತವನ್ನು ಯಾರಿಗೂ ಹೇಳದೆ ಅದರಲ್ಲಿ ಬರೆಯುತ್ತ ಬಂದಿದ್ದರಂತೆ. ಎರಡೂ ಮೊತ್ತಗಳು ತಾಳೆಯಾದವು.